ನೀರಿಗೆ ಬಿಟ್ಟ ಫೋಟೋ

ಫೋಟೋವನ್ನು ಬೋಗುಣಿಯ ನೀರಿಗೆ ಬಿಟ್ಟ ಮೇಲೆ ನೋಡಿದೆ, ಅದರಲ್ಲಿದ್ದ ಇಬ್ಬರು ಹುಡುಗಿಯರ ಕಣ್ಣು ತೆರೆದೇ ಇದ್ದವು. ಕುರ್ಚಿಯಲ್ಲಿ ಕೂತ ಅವರ ಅಪ್ಪನ ಕಣ್ಣು ಮುಚ್ಚಿತ್ತು, ಪಕ್ಕದಲ್ಲಿ ನಿಂತ ಅಮ್ಮನ ಕಣ್ಣೂ ಮುಚ್ಚಿತ್ತು. ಮುಂದೆ ಜಮಖಾನದ ಮೇಲೆ ಕೂತ ಹುಡುಗಿಯರು ಮಾತ್ರ ನೀರಿನೊಳಗಿನಿಂದ ನನ್ನನ್ನೇ ನೋಡುತ್ತಿದ್ದರು.

“ಅಜ್ಜೀ, ಬದುಕಿರೋರನ್ನ ನೆನೆಹಾಕಿಬಿಟ್ಟೆ” ಎಂದೆ.

ಅಜ್ಜಿ ಗೋಂದು ಕಲಸುತ್ತಿದ್ದ ಕಡ್ಡಿಯನ್ನು ಹಾಗೇ ಕೆಳಗಿಟ್ಟಳು. “ಎತ್ತೇ ಮೊದಲು. ಮಾತು ಆಮೇಲೆ.”

ನಾನೂ ಅಜ್ಜಿಯೂ ಬಳೆ ಡಬ್ಬಿ ಮಾಡುತ್ತೇವೆ. ಹಳೆಯ ಫೋಟೋಗಳ ಹಿಂದೆ ಅಂಟಿಸಿರುವಂಥ ಗಟ್ಟಿ ರಟ್ಟು ಈಗ ಎಲ್ಲೂ ಸಿಗುವುದಿಲ್ಲ. ಮಹಬೂಬಣ್ಣನ ಹಳೇ ಸಾಮಾನಿನ ಅಂಗಡಿಯಿಂದ ಒಂದೊಂದು ಕಟ್ಟು ತಂದು, ನೆನೆಹಾಕಿ, ಫೋಟೋ ಸುಲಿದು, ರಟ್ಟನ್ನು ಬಿಸಿಲಿಗೆ ಹರಡುತ್ತೇವೆ. ಅಂಗಡಿಗೆ ಬರುವ ಫೋಟೋಗಳಲ್ಲಿ ಎಲ್ಲರ ಕಣ್ಣೂ ಮುಚ್ಚಿರುತ್ತದೆ, ಮುಚ್ಚಿರಲೇಬೇಕು. ಯಾರು ಎಲ್ಲೇ ತೀರಿಕೊಂಡರೂ, ನಮ್ಮೂರಿನಲ್ಲಿ ಅವರ ಫೋಟೋ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅವರ ಕಣ್ಣು ಮುಚ್ಚುತ್ತದೆ. ಮದುವೆ ಫೋಟೋದ ಸಾಲಿನಲ್ಲಿ ಒಬ್ಬೊಬ್ಬರದೇ ಮುಚ್ಚುತ್ತಾ ಬಂದು, ಕೊನೆಯವರದೂ ಮುಚ್ಚಿದ ಮೇಲೆ, ಅದನ್ನು ಗೋಡೆಯಿಂದ ಇಳಿಸುತ್ತಾರೆ. ದೂರಕ್ಕೆ ಕೊಟ್ಟ ಮಗಳ ಫೋಟೋವನ್ನು ಅಡುಗೆಮನೆಯಲ್ಲಿ ತೂಗುಹಾಕುವುದು ವಾಡಿಕೆ. ಬೆಳಿಗ್ಗೆ ಒಮ್ಮೆ ಆ ಕಡೆ ನೋಡಿ, ಆಮೇಲೆ ಹಾಲು ಕಾಯಲು ಇಡುವುದು. ಎಷ್ಟೋ ಮನೆಗಳಲ್ಲಿ ಹಾಲು ಉಕ್ಕಿ ಒಲೆ ಆರಿದ್ದು ಆ ಗೋಡೆಯನ್ನು ನೋಡುತ್ತ ನಿಂತಾಗಲೇ.

ಅಜ್ಜಿ ಹಳೇ ಸೀರೆಯ ತುಂಡಿನಲ್ಲಿ ಫೋಟೋ ಸುತ್ತಿ, ಎರಡು ತಟ್ಟೆಗಳ ನಡುವೆ ಇಟ್ಟು, ಮೇಲೆ ರುಬ್ಬುವ ಗುಂಡು ಹೇರಿದಳು. ಅಪ್ಪನ ಭುಜದ ಹತ್ತಿರ ಮೂಲೆ ಎದ್ದುಬಂದಿತ್ತು. ಹುಡುಗಿಯರಿಗೆ ಏನೂ ಆಗಿರಲಿಲ್ಲ. ಆದರೂ ನನ್ನ ದಿಗಿಲು ಹೋಗಲಿಲ್ಲ. ಏಳು ಸಮುದ್ರದಾಚೆ, ಏಳು ಕೋಟೆಯೊಳಗೆ, ಗಿಳಿಯಲ್ಲಿ ಪ್ರಾಣ ಇಟ್ಟವನ ಕಥೆಯನ್ನು ಅಜ್ಜಿ ನನಗೆ ಊಟದ ತುತ್ತಿನ ಜೊತೆಗೆ ಹೇಳಿದವಳು. ಗಿಳಿಯ ಕಾಲು ಮುರಿದರೆ ಅಲ್ಲೆಲ್ಲೋ ಅವನ ಕಾಲು ಮುರಿಯುತ್ತದೆ. ನನಗೀಗ ಆ ಗಿಳಿ ಕೈಯಲ್ಲಿ ಕೂತಂತೆ ಆಗಿತ್ತು.

“ಹಂಗೆಲ್ಲ ಆಗಲ್ಲ ಕಣೇ ವನಜಿ” ಎಂದಳು ಅಜ್ಜಿ. “ಫೋಟೋಗೆ ಜಿರಲೆ ಕಡಿದ್ರೆ ಮನುಷ್ಯನಿಗೆ ಗಾಯ ಆಗುತ್ತಾ. ಆದರೆ ತೆರೆದ ಕಣ್ಣು ನಮ್ಮನೇಲಿ ಇರಬಾರದು. ಅದು ಅವರ ಮನೆ ಗೋಡೆ ಮೇಲಿರಬೇಕು. ಹೋಗಿ ಕೊಟ್ಟು ಬಾ.”

“ಯಾರ ಮನೆಗೆ?”

“ಅದನ್ನ ಹುಡುಕು. ಇಡೀ ದಿನ ಫೋಟೋ ನೋಡ್ಕೊಂಡು ಕಥೆ ಕಟ್ತೀಯಲ್ಲ, ಒಂದು ಸಲ ನಿಜಾನೂ ತಿಳ್ಕೊ.”

ಅವಳು ಹೇಳಿದ್ದು ಸುಳ್ಳಲ್ಲ. ಸುಲಿಯುವ ಮೊದಲು ಪ್ರತಿ ಫೋಟೋದವರಿಗೂ ನಾನೊಂದು ಕಥೆ ಕಟ್ಟುತ್ತೇನೆ. ಈ ಮೀಸೆಯವರು ಹುಲಿಗೆ ಹೆದರದೆ ಹೆಂಡತಿಗೆ ಹೆದರುತ್ತಿದ್ದರು, ಈಕೆ ಮೂಗುತಿ ಕಳೆದುಕೊಂಡು ಅತ್ತೆಗೆ ಹೇಳಲೇ ಇಲ್ಲ, ಹೀಗೆ. ಕಣ್ಣು ಮುಚ್ಚಿದವರು ಅಲ್ಲ ಅನ್ನುವುದಿಲ್ಲ. ಈ ಹುಡುಗಿಯರ ಬಗ್ಗೆ ಮಾತ್ರ ಒಂದು ವಾಕ್ಯವೂ ಹುಟ್ಟಲಿಲ್ಲ. ದೊಡ್ಡವಳಿಗೆ ಹನ್ನೆರಡಿರಬೇಕು, ಚಿಕ್ಕವಳಿಗೆ ಎಂಟು. ಚಿಕ್ಕವಳ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ ಇತ್ತು, ಅದರ ಮೇಲೆ ಅವಳು ಕೈ ಇಟ್ಟುಕೊಂಡಿದ್ದಳು.

ಮಹಬೂಬಣ್ಣ ಫೋಟೋ ನೋಡಿದವನೇ ಅಂಗಡಿಯ ಅರ್ಧ ಬಾಗಿಲು ಎಳೆದ. “ಆ ಕಟ್ಟು ಬಂದ ಡಬ್ಬದ ಮುಚ್ಚಳ ತುಕ್ಕು ಹಿಡಿದಿತ್ತು ತಂಗೀ. ಒಳಗೆ ನೋಡದೆ ನಿನಗೆ ಕೊಟ್ಟೆ. ದಮ್ಮಯ್ಯ, ಯಾರಿಗೂ ಹೇಳ್ಬೇಡ. ತೆರೆದ ಕಣ್ಣು ಮಾರಿದೆ ಅಂತ ಗೊತ್ತಾದ್ರೆ ನನ್ನ ಅಂಗಡಿ ಮುಂದೆ ನಾಯಿ ಕೂಡ ಮಲಗಲ್ಲ.”

“ಡಬ್ಬ ಎಲ್ಲಿಂದ ಬಂತು ಅಷ್ಟು ಹೇಳಿ.”

“ಸೂರಪ್ಪನ ಸ್ಟುಡಿಯೋ ಇತ್ತಲ್ಲ, ಆ ಮನೆಯಿಂದ. ಹೆಂಚು ಇಳಿಸ್ತಾ ಅಟ್ಟ ಖಾಲಿ ಮಾಡಿದ್ರು.”

ಸ್ಟುಡಿಯೋ ಈಗ ಹೊಲಿಗೆ ಅಂಗಡಿ. ಸೂರಪ್ಪನವರ ಮಗಳು ಅಂಬುಜಕ್ಕ ರವಿಕೆ ಹೊಲಿಯುತ್ತಾರೆ. ಅಳತೆ ನೋಡುವ ಮೂಲೆಗೆ ಇಳಿಬಿಟ್ಟಿದ್ದ ಪರದೆಯನ್ನು ನೋಡಿ ನಾನು ಅಲ್ಲೇ ನಿಂತೆ. ಸರೋವರ, ಮೆಟ್ಟಿಲು, ಮೆಟ್ಟಿಲ ಮೇಲೆ ಎರಡು ನವಿಲು. ನನ್ನ ಫೋಟೋದಲ್ಲಿ ಆ ಕುಟುಂಬದ ಹಿಂದೆ ಇದ್ದದ್ದು ಇದೇ ನವಿಲುಗಳು. ಅಂಬುಜಕ್ಕ ಫೋಟೋ ತಿರುಗಿಸಿ, ಹಿಂದೆ ಬರೆದಿದ್ದ ನಂಬರು ನೋಡಿ, ಬೀರುವಿನ ತಳದಿಂದ ಒಂದು ಉದ್ದನೆಯ ಪುಸ್ತಕ ಎಳೆದರು.

“ಇದು ಗಿರಾಕಿ ತಗೊಂಡು ಹೋಗದೆ ಉಳಿದ ಪ್ರತಿ” ಎಂದರು. “ಅಪ್ಪ ಯಾವಾಗಲೂ ಎರಡು ಸಲ ತೆಗೀತಿದ್ರು. ಒಂದರಲ್ಲಿ ಯಾರಾದರೂ ರೆಪ್ಪೆ ಬಡಿದಿದ್ರೆ ಅದನ್ನ ಒಲೆಗೆ ಹಾಕಿ, ಇನ್ನೊಂದು ಕೊಡೋರು. ನಮ್ಮೂರಲ್ಲಿ ಮುಚ್ಚಿದ ಕಣ್ಣಿನ ಫೋಟೋ ಕೊಟ್ರೆ ಹುಡುಗಾಟವಾ.” ಬೆರಳು ಒಂದು ಸಾಲಿನ ಮೇಲೆ ನಿಂತಿತು. “ಇಲ್ಲಿದೆ. ಗಾಣದ ಬಸವಲಿಂಗಪ್ಪ, ಮೇಲಿನ ಬೀದಿ. ಇದು ಅಮ್ಮನ ಅಕ್ಷರ. ಆ ತಿಂಗಳು ಅಪ್ಪ ಕಾಮಾಲೆಯಾಗಿ ಮಲಗಿಬಿಟ್ಟಿದ್ರು, ತೊಳೆದಿಟ್ಟಿದ್ದ ಫೋಟೋಗಳನ್ನೆಲ್ಲ ಅಮ್ಮನೇ ಕೊಟ್ಟು ಕಳಿಸ್ತಿದ್ಲು.”

ಗಾಣದ ಮನೆಯಲ್ಲಿ ಈಗ ಗಾಣ ಇರಲಿಲ್ಲ. ಪಡಸಾಲೆಯಲ್ಲಿ ಎಣ್ಣೆಯ ಡಬ್ಬಗಳು, ಅವುಗಳ ನಡುವೆ ಮಣೆ ಹಾಕಿಕೊಂಡು ಕೂತ ಒಬ್ಬ ಮುದುಕಿ. ಬೀದಿಯವರನ್ನು ಕೇಳಿಕೊಂಡೇ ಬಂದಿದ್ದೆ. ಬಸವಲಿಂಗಪ್ಪನವರ ಹಿರಿಯ ಮಗಳು ಮಲ್ಲಾಜಮ್ಮ, ಗಂಡ ಹೋದ ಮೇಲೆ ತವರಿಗೆ ಬಂದು ಎಣ್ಣೆ ಮಾರುತ್ತಿರುವವರು. ಫೋಟೋದ ದೊಡ್ಡ ಹುಡುಗಿಯ ಗಲ್ಲದ ಗುಳಿ ಅವರ ಮುಖದಲ್ಲಿ ಹಾಗೇ ಇತ್ತು. ನನಗೆ ಖುಷಿಯಾಗಿ ಚೀಲಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಅವರ ಹಿಂದಿನ ಗೋಡೆ ಕಾಣಿಸಿತು.

ಗೋಡೆಯ ಮೇಲೆ ಅದೇ ಫೋಟೋ ಇತ್ತು. ಅದೇ ನವಿಲು, ಅದೇ ಜಮಖಾನ, ಅದೇ ತಗಡಿನ ಪೆಟ್ಟಿಗೆ. ದೊಡ್ಡ ಹುಡುಗಿ ಕಣ್ಣು ಬಿಟ್ಟಿದ್ದಳು. ಚಿಕ್ಕವಳ ಕಣ್ಣು ಮುಚ್ಚಿತ್ತು.

ನನ್ನ ಕೈ ಚೀಲದೊಳಗೇ ಉಳಿಯಿತು. ಸತ್ತವರ ಕಣ್ಣು ಒಂದು ಫೋಟೋದಲ್ಲಿ ಮುಚ್ಚಿ ಇನ್ನೊಂದರಲ್ಲಿ ತೆರೆದಿರುವುದು ಸಾಧ್ಯವಿಲ್ಲ.

“ಎಷ್ಟು ಬೇಕಮ್ಮ?” ಎಂದರು ಮಲ್ಲಾಜಮ್ಮ.

“ಕಾಲು ಲೀಟರು” ಎಂದೆ.

“ಬಾಟಲಿ?”

ಇರಲಿಲ್ಲ. ಅವರೇ ಒಂದು ಹಳೆಯ ಶೀಶೆ ಹುಡುಕಿ ತುಂಬಿಕೊಟ್ಟರು. ನಾನು ಗೋಡೆ ನೋಡುತ್ತಿದ್ದುದನ್ನು ಕಂಡು, “ನನ್ನ ತಂಗಿ ಶೇವಂತಿ” ಎಂದರು. “ಕಡವಿನಕೊಪ್ಪದ ಅತ್ತೆಗೆ ಮಕ್ಕಳಿರಲಿಲ್ಲ, ಸಾಕ್ತೀನಿ ಅಂತ ಕರ್ಕೊಂಡು ಹೋದ್ರು. ಹೋಗೋ ದಿನ ಬೆಳಿಗ್ಗೆ ಇದನ್ನ ತೆಗೆಸಿದ್ದು, ದಿನಾ ನೋಡ್ಕೊಬಹುದು ಅಂತ. ಎಂಟು ದಿನಕ್ಕೆ ಫೋಟೋ ಕೈಗೆ ಬಂತು. ಬಂದಾಗಲೇ ಹೀಗಿತ್ತು.”

“ಆಮೇಲೆ?”

“ಆಮೇಲೇನು. ಮಾಡೋದನ್ನೆಲ್ಲ ಮಾಡಿದ್ವಿ. ಅವಳ ಕಾಗದ ಬಂದ್ರೆ ಬಾವಿಗೆ ಬಿಟ್ವಿ.”

ನಮ್ಮೂರಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಕಣ್ಣು ಮುಚ್ಚಿದ ಮೇಲೆ ಬಂದ ಕಾಗದ ಸಾಯುವ ಮುಂಚೆ ಹಾಕಿದ್ದು, ಅದನ್ನು ಓದಿದರೆ ಸಂಕಟ ಎರಡು ಪಟ್ಟು ಎಂದು, ಒಡೆಯದೆ ಕಲ್ಲು ಕಟ್ಟಿ ನೀರಿಗೆ ಬಿಡುತ್ತಾರೆ. ನಾನು ಶೀಶೆ ಹಿಡಿದುಕೊಂಡು ಮನೆಗೆ ಬಂದುಬಿಟ್ಟೆ.

“ಫೋಟೋ ಕೊಡೋಕೆ ಕಳಿಸಿದ್ರೆ ಎಣ್ಣೆ ತಂದಿದಾಳೆ ನಮ್ಮ ರಾಣಿ” ಎಂದಳು ಅಜ್ಜಿ. ನಾನು ನಡೆದದ್ದನ್ನು ಹೇಳಿದೆ. ಅವಳು ನಗುವುದನ್ನು ನಿಲ್ಲಿಸಿ ಬಹಳ ಹೊತ್ತು ಗೋಂದು ತಿರುವಿದಳು. ಆಮೇಲೆ, “ಸೂರಪ್ಪನ ಹೆಂಡತಿ ಒಲೆಗೆ ಹಾಕೋದನ್ನ ಕೊಟ್ಟು, ಕೊಡೋದನ್ನ ಡಬ್ಬಕ್ಕೆ ಹಾಕಿದಾಳೆ” ಎಂದಳು. “ಮಗು ರೆಪ್ಪೆ ಬಡಿದಿದೆ. ಇವರು ತಿಥಿ ಮಾಡಿದಾರೆ.”

“ಅಷ್ಟು ದಿನದಲ್ಲಿ ಯಾರೂ ಹೋಗಿ ನೋಡಲಿಲ್ವಾ ಅಜ್ಜಿ?”

“ಯಾಕೆ ನೋಡ್ತಾರೆ? ಕಣ್ಣು ಮುಚ್ಚಿದ ಮೇಲೆ ವಿಚಾರಿಸೋಕೆ ಏನಿರುತ್ತೆ. ಮಗು ಕಳ್ಕೊಂಡ ಅತ್ತೆ ಮುಖ ತೋರಿಸ್ಲಿಲ್ಲ ಅಂತ ಇವರು, ಕಾಗದಕ್ಕೆ ಉತ್ತರ ಬರಲಿಲ್ಲ ಅಂತ ಅವರು. ಬಿಗುಮಾನದ ಮನೆ ಕಣೇ ಅದು, ನನಗೆ ಗೊತ್ತಿಲ್ವಾ.”

“ಈಗ ಹೇಳ್ಬೇಕಾ, ಬೇಡ್ವಾ?”

ಅಜ್ಜಿಗೆ ಗೊತ್ತಿರಲಿಲ್ಲ. ಅವಳ ಕಥೆಗಳಲ್ಲಿ ಸತ್ತವರು ಎದ್ದು ಬಂದರೆ ಊರೆಲ್ಲ ತೋರಣ ಕಟ್ಟುತ್ತದೆ. ನೀರಿಗೆ ಹೋದ ಕಾಗದಗಳನ್ನು ಏನು ಮಾಡಬೇಕು ಎಂದು ಯಾವ ಕಥೆಯಲ್ಲೂ ಬರುವುದಿಲ್ಲ. ಎಪ್ಪತ್ತು ದಾಟಿದ ಹೆಂಗಸಿಗೆ, ನಿಮ್ಮ ತಂಗಿ ಬದುಕಿದ್ದಾಳೆ, ನೀವು ಅವಳ ಮಾತನ್ನು ಬಾವಿಗೆ ಹಾಕಿದಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳದೆ ಇಟ್ಟುಕೊಂಡು, ಒಂದು ಬೆಳಿಗ್ಗೆ ಶೇವಂತಿಯ ಕಣ್ಣು ನಿಜವಾಗಿ ಮುಚ್ಚಿಬಿಟ್ಟರೆ ಆಮೇಲೆ ನಾನು ಹೇಗಿರುವುದು? ಎರಡು ದಿನ ಡಬ್ಬಿ ಕೆಲಸ ಓಡಲಿಲ್ಲ. ಮುಚ್ಚಳ ದೊಡ್ಡದು, ತಳ ಚಿಕ್ಕದು ಕತ್ತರಿಸಿದೆ. ಹತ್ತು ಡಬ್ಬಿ ಅಂಟಿಸಿ ಹತ್ತು ಸಲ ಎದ್ದು ಫೋಟೋ ನೋಡಿದೆ. ಕಣ್ಣು ತೆರೆದಿದ್ದರೆ ಒಂದು ನಿಮಿಷ ಸಮಾಧಾನ, ಇನ್ನೊಂದು ನಿಮಿಷಕ್ಕೆ ಅದೇ ದಿಗಿಲು. ಮೂರನೆಯ ದಿನ ಬೆಳಿಗ್ಗೆ ನೋಡಿದಾಗ ಚಿಕ್ಕವಳ ಮುಖದಲ್ಲಿ ಕಣ್ಣಿರಬೇಕಾದಲ್ಲಿ ಬರೀ ಕಪ್ಪು ಗೆರೆ ಕಂಡಿತು. ಕಿಟಕಿಗೆ ಓಡಿದೆ. ಒಣಗಿದ ಫೋಟೋ ಮುರುಟಿಕೊಂಡು ಅದರದೇ ನೆರಳು ಮುಖದ ಮೇಲೆ ಬಿದ್ದಿತ್ತು, ಅಷ್ಟೆ. ಬಿಡಿಸಿ ಹಿಡಿದರೆ ಶೇವಂತಿ ನೋಡುತ್ತಿದ್ದಳು. ನಾನು ತಲೆಯನ್ನೂ ಬಾಚದೆ ಮೇಲಿನ ಬೀದಿಗೆ ಹೊರಟೆ.

“ಅಮ್ಮಾ, ಮೊನ್ನೆ ನಾನು ಎಣ್ಣೆಗೆ ಬಂದಿರಲಿಲ್ಲ” ಎಂದೆ.

“ಗೊತ್ತು. ಬಾಟಲಿ ಇಲ್ಲದೆ ಯಾರು ಎಣ್ಣೆಗೆ ಬರ್ತಾರೆ. ಕೂತ್ಕೊ.”

ನಾನು ಕೂರದೆ ಫೋಟೋ ಚಾಚಿದೆ. ಮಲ್ಲಾಜಮ್ಮ ಕೈ ಮುಂದೆ ಮಾಡಿ, ಮತ್ತೆ ಹಿಂದಕ್ಕೆ ತೆಗೆದುಕೊಂಡರು. “ನೀನೇ ಹಿಡ್ಕೊ, ನನ್ನ ಕೈ ಎಣ್ಣೆ.” ಬಗ್ಗಿ ನೋಡಿದರು. ಕಿರುಚುತ್ತಾರೆ, ಎದೆ ಹಿಡಿದುಕೊಳ್ಳುತ್ತಾರೆ, ಬೀಳುತ್ತಾರೆ, ಏನೇನೋ ಎಣಿಸಿ ನಾನು ಗೋಡೆಯ ಮೂಲೆಯಲ್ಲಿದ್ದ ನೀರಿನ ಬಿಂದಿಗೆಯನ್ನೂ ನೋಡಿಟ್ಟುಕೊಂಡಿದ್ದೆ. ಅವರು ಏನೂ ಮಾಡಲಿಲ್ಲ. ಮೆಲ್ಲಗೆ ಕೇಳಿದರು:

“ಇನ್ನೂ ಇದಾಳಾ?”

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಬದುಕಿದ್ದಾಳಾ ಎಂದು ಅವರು ಕೇಳಿರಲಿಲ್ಲ, ‘ಇನ್ನೂ’ ಎಂದಿದ್ದರು.

“ನಿಮಗೆ ಗೊತ್ತಿತ್ತಾ?”

“ನಾಲ್ಕು ಕಾಗದ ಬಂದವು” ಎಂದರು ಮಲ್ಲಾಜಮ್ಮ. ಮಾತು ನನಗಲ್ಲ, ಫೋಟೋಗೆ ಎಂಬಂತೆ ಇತ್ತು. “ಅಪ್ಪ ಹೇಳಿದ್ದ, ಬಂದದ್ದನ್ನ ನೀನೇ ಬಿಟ್ಟುಬಿಡು, ನಮ್ಮ ಕಣ್ಣಿಗೆ ಬೀಳಬಾರದು ಅಂತ. ಮೂರು ಬಿಟ್ಟೆ. ನಾಲ್ಕನೇದನ್ನ ಬಾವಿ ಕಟ್ಟೆ ಮೇಲೆ ಕೂತು ಒಡೆದೆ. ದೀಪಾವಳಿಗೆ ಅತ್ತೆ ಹಸಿರು ಲಂಗ ಹೊಲಿಸಿದ್ರು, ಅಮ್ಮನಿಗೆ ಹೇಳು, ನೀನ್ಯಾಕೆ ಬರೆಯಲ್ಲ, ಅಂತ ಇತ್ತು. ನಮ್ಮನೇಲಿ ತಿಥಿ ಆಗಿದ್ದು ನವರಾತ್ರಿಗೆ ಮುಂಚೆ.”

ಹೊರಗೆ ಯಾರೋ ಎಣ್ಣೆಗೆ ಕೂಗಿದರು.

“ಹೇಳೋಣ ಅಂತಲೇ ಒಳಗೆ ಓಡಿದೆ. ಅಮ್ಮ ಅವತ್ತು ಮೊದಲನೇ ಸಲ ಬಡಿಸಿದ್ದನ್ನ ಪೂರ್ತಿ ಊಟ ಮಾಡ್ತಿದ್ಲು. ನಾಳೆ ಹೇಳೋಣ ಅಂದ್ಕೊಂಡೆ. ಗೋಡೆ ನೋಡಿದ್ರೆ ಕಣ್ಣು ಮುಚ್ಚೇ ಇದೆ. ಫೋಟೋ ನಂಬ್ಲಾ, ಕಾಗದ ನಂಬ್ಲಾ. ಸತ್ತೋರು ಬರೀತಾರೇನೋ ಅಂತ ಹೆದರಿಕೆ. ಮೂರು ಕಾಗದ ಬಿಟ್ಟಿದೀನಲ್ಲ, ಬೈತಾರೆ ಅಂತ ಅದೂ ಒಂದು ಹೆದರಿಕೆ.” ಅವರು ಗೋಡೆಯ ಫೋಟೋ ಕಡೆ ತಿರುಗಿದರು. “ಅವಳು ಹೋದ ಮೇಲೆ ಅಮ್ಮ ದಿನಾ ನನ್ನನ್ನ ತಬ್ಬಿಕೊಂಡು ಮಲಗೋಳು. ಅದೂ ಇತ್ತು. ಹನ್ನೆರಡು ವರ್ಷ ನನಗೆ. ಅದೂ ಇತ್ತು ಕಣಮ್ಮ.”

“ಬಸ್ಸಿದೆಯಂತೆ, ಅತ್ತೆಯವರ ಊರಿಗೆ. ನಾಳೆ ನಾನೂ ಜೊತೆಗೆ ಬರ್ತೀನಿ, ಹೋಗೋಣ” ಎಂದೆ.

“ನಾಳೆ ಅನ್ಬೇಡ” ಎಂದರು ಮಲ್ಲಾಜಮ್ಮ. “ಆ ಮಾತನ್ನ ಅರವತ್ತೆರಡು ವರ್ಷ ಅಂದಿದೀನಿ.”

ಹನ್ನೊಂದು ಗಂಟೆಯ ಬಸ್ಸು ಸಿಕ್ಕಿತು. ಕಡವಿನಕೊಪ್ಪ ಅಂಥ ದೂರವೇನೂ ಅಲ್ಲ, ಹೊಳೆ ದಾಟಿ ಎರಡು ಗಂಟೆಯ ದಾರಿ. ಮಲ್ಲಾಜಮ್ಮ ಸೀರೆ ಬದಲಿಸಿರಲಿಲ್ಲ, ಕೈ ಮಾತ್ರ ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ತೊಳೆದುಕೊಂಡಿದ್ದರು. ಫೋಟೋ ತೊಡೆಯ ಮೇಲಿಟ್ಟುಕೊಂಡು, ಕಣ್ಣೆತ್ತದೆ ಕೂತರು. ಬಸ್ಸು ಜೋರಾಗಿ ಕುಲುಕಿದಾಗಲೆಲ್ಲ ಅಂಗೈಯಿಂದ ಶೇವಂತಿಯ ಮುಖವನ್ನು ಮುಚ್ಚಿ, ಮತ್ತೆ ಹೆದರಿ ತೆಗೆದು ನೋಡುತ್ತಿದ್ದರು.

ಸೇತುವೆ ಕಳೆದದ್ದೇ ಅವರು ನನ್ನ ಮೊಣಕೈ ಹಿಡಿದರು. ಫೋಟೋದಲ್ಲಿ ಅಪ್ಪನೂ ಅಮ್ಮನೂ ಕಣ್ಣು ತೆರೆದಿದ್ದರು. ಹೊಳೆಯಾಚೆ ಫೋಟೋ ಬರೀ ಫೋಟೋ ಎಂದು ಕೇಳಿದ್ದೆ, ತೆಗೆದ ದಿನ ಹೇಗಿತ್ತೋ ಹಾಗೇ ಕಾಣುತ್ತದಂತೆ. ಕಣ್ಣಾರೆ ನೋಡಿದ್ದು ಅದೇ ಮೊದಲು.

“ಅಮ್ಮನ ಬಲಗಣ್ಣು ಸಣ್ಣ” ಎಂದರು ಮಲ್ಲಾಜಮ್ಮ. “ಮರೆತೇ ಹೋಗಿತ್ತು ನೋಡು.” ಸ್ವಲ್ಪ ದೂರ ಹೋದ ಮೇಲೆ ಅವರ ಕೈ ಬಿಗಿಯಾಯಿತು. “ಹಾಗಾದ್ರೆ ಇನ್ನು ಮುಂದೆ ಶೇವಂತಿದೂ ಗೊತ್ತಾಗಲ್ಲ.”

“ಸೇತುವೆ ಹತ್ತೋವಾಗ ತೆರೆದಿತ್ತಲ್ಲ ಅಮ್ಮ.”

“ಅದು ಆವಾಗ.”

ನಾನು ದಾರಿಯುದ್ದಕ್ಕೂ ಎದುರಿಗೆ ಬಂದ ಬಸ್ಸುಗಳಲ್ಲಿ, ಗಾಡಿಗಳಲ್ಲಿ, ಅಳುವವರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದೆ. ಒಂದು ತಿರುವಿನಲ್ಲಿ ತಮಟೆಯ ಸದ್ದು ಕೇಳಿ ಕಿಟಕಿಯಿಂದ ಬಗ್ಗಿ ನೋಡಿದೆ. ಅದು ಯಾವುದೋ ಅಂಗಡಿ ಆರಂಭದ ತಮಟೆ.

ಕಡವಿನಕೊಪ್ಪದಲ್ಲಿ ಇಳಿದು, ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಕೇಳಿದೆ. “ಶೇವಂತಮ್ಮ ಅಂತ, ವಯಸ್ಸಾದವರು. ಚಿಕ್ಕಂದಿನಲ್ಲಿ ಅತ್ತೆ ಮನೆಗೆ ಸಾಕೋಕೆ ಅಂತ ಬಂದವರು.”

“ಶೇವಂತಜ್ಜಿ ಇಬ್ಬರಿದಾರೆ” ಎಂದಳು ಆಕೆ. “ಒಬ್ಬರು ದೇವಸ್ಥಾನಕ್ಕೆ ಹೂ ಕಟ್ತಾರೆ, ಸಾಧು. ಇನ್ನೊಬ್ಬರ ಹತ್ತಿರ ನೀವು ಮಾತಾಡಿ ಗೆಲ್ಲೋಕಾಗಲ್ಲ. ಯಾರು ಬೇಕು?”

“ಗೆಲ್ಲೋಕಾಗದೆ ಇರೋಳು” ಎಂದರು ಮಲ್ಲಾಜಮ್ಮ. ಬಸ್ಸು ಹತ್ತಿದ ಮೇಲೆ ಅವರ ದನಿಯಲ್ಲಿ ಜೀವ ಬಂದದ್ದು ಅದೇ ಮೊದಲು. ಅದು ಎಷ್ಟು ಹೊತ್ತು ಇದ್ದೀತು ಎಂದು ನನಗೆ ಹೆದರಿಕೆ.

ಆಕೆ ಸುಣ್ಣದ ಭಟ್ಟಿಯ ಹಿಂದಿನ ಮನೆ ತೋರಿಸಿದಳು. ಜಗುಲಿಯಲ್ಲಿ ಒಬ್ಬ ಹೆಂಗಸು ಗೋಧಿ ಹಸನು ಮಾಡುತ್ತಿದ್ದಳು, ಸೊಸೆ ಇರಬೇಕು. “ಶೇವಂತಮ್ಮನವರು” ಎಂದು ಬಾಯಿ ತೆರೆದೆ, ಮುಂದಿನ ಮಾತು ಸಿಕ್ಕಲಿಲ್ಲ. ಇದ್ದಾರಾ ಎಂದು ಕೇಳಬೇಕಿತ್ತು. ಕೇಳಿದರೆ ಉತ್ತರ ಬರುತ್ತದಲ್ಲ.

“ಅತ್ತೆ ಸ್ನಾನಕ್ಕೆ ಹೋಗಿದಾರೆ, ಕೂತ್ಕೊಳ್ಳಿ” ಎಂದಳು ಆಕೆ, ಮೊರವನ್ನು ಪಕ್ಕಕ್ಕೆ ಸರಿಸಿ. “ನೀರು ಕೊಡ್ಲಾ? ಯಾವೂರಿಂದ ಬಂದ್ರಿ?”

ಮಲ್ಲಾಜಮ್ಮ ಜಗುಲಿಯ ತುದಿಯಲ್ಲಿ ಕೂತರು. ಆಕೆಗೆ ಉತ್ತರಿಸದೆ, ಸುಮ್ಮನಿರು ಎಂದು ನನಗೆ ಕೈಸನ್ನೆ ಮಾಡಿದರು. ಒಳಗೆ, ಹಿತ್ತಲ ಕಡೆಯಿಂದ, ಚೊಂಬಿನಿಂದ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು. ಒಂದು ಚೊಂಬು, ಸ್ವಲ್ಪ ಬಿಡುವು, ಇನ್ನೊಂದು ಚೊಂಬು. ಫೋಟೋವನ್ನು ಅವರು ಮಗುಚಿ ಪಕ್ಕಕ್ಕಿಟ್ಟಿದ್ದರು. ಗೋಡೆಗೆ ಕಿವಿ ಕೊಟ್ಟು, ಒಂದೊಂದು ಚೊಂಬಿಗೂ ಮೆಲ್ಲಗೆ ತಲೆಯಾಡಿಸುತ್ತಿದ್ದರು.

“ಮೊದಲಿಂದಲೂ ಹೀಗೇ” ಎಂದು ಪಿಸುಗುಟ್ಟಿದರು. “ಬಚ್ಚಲಿಗೆ ಹೋದ್ರೆ ಹಂಡೆ ಖಾಲಿಯಾಗೋವರೆಗೂ ಬರೋಳಲ್ಲ. ಅಮ್ಮ ಬಾಗಿಲು ಬಡಿಯೋಳು.”

“ಬಂದ ಮೇಲೆ ಏನು ಹೇಳ್ತೀರಿ?”

“ನಾಲ್ಕನೇದನ್ನ ಓದಿದೆ ಅಂತ. ಮೊದಲು ಅದನ್ನೇ ಹೇಳ್ಬೇಕು. ಬೇರೆ ಏನಾದ್ರೂ ಮೊದಲು ಹೇಳಿದ್ರೆ ಆಮೇಲೆ ಅದನ್ನ ಹೇಳೋಕಾಗಲ್ಲ.”

ನೀರಿನ ಸದ್ದು ನಿಂತಿತು. ಚೊಂಬನ್ನು ಕಲ್ಲಿನ ಮೇಲೆ ಬೋರಲು ಹಾಕಿದ್ದು ಕೇಳಿಸಿತು, ಆಮೇಲೆ ಒಂದು ಕೆಮ್ಮು, ಸೊಸೆಯ ಮೇಲೆ ಟವಲಿಗಾಗಿ ಒಂದು ರೇಗಾಟ. ಮಲ್ಲಾಜಮ್ಮ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಎದ್ದು ನಿಂತರು. ಅಗುಳಿ ಸರಿಯಿತು.